ಕೊರಳಲ್ಲಿ ಒಂದು ದಿನ

ನಾನು ಒಂದು ಅರಿಶಿನ ದಾರ. ಉಂಡೆಯಲ್ಲಿ ಬಿಳಿ ನೂಲಾಗಿದ್ದ ನನ್ನನ್ನು ಫಕೀರವ್ವ ಕೊಂಡು ತಂದು, ಆಸ್ಪತ್ರೆಯ ನಲ್ಲಿಯ ಬಳಿ ಕುಳಿತು, ಮೂರೆಳೆ ಕೂಡಿಸಿ ತೊಡೆಯ ಮೇಲೆ ಹೊಸೆದಳು. ಅರಿಶಿನ ಕಲಸಿ ಮೈಗೆಲ್ಲ ಹಚ್ಚಿದಳು. ನಡುವೆ ಒಂದು ಅರಿಶಿನ ಕೊಂಬು ಕಟ್ಟಿದಳು. ಅದೇ ನನ್ನ ಹುಟ್ಟು.

ಅವಳ ಮಗಳು ದೇವಕ್ಕ ಒಳಗೆ ಮಲಗಿದ್ದಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದವಳು. ಡಾಕ್ಟರು ಕ್ಯಾನ್ಸರ್ ಹಿಡಿದ ಅರ್ಧ ನಾಲಿಗೆ ತೆಗೆದು, ಎಡಗೈಯ ಮಾಂಸದಿಂದ ಹೊಸದನ್ನು ಮಾಡಿ, ಅದರ ರಕ್ತನಾಳವನ್ನು ಕುತ್ತಿಗೆಯಲ್ಲಿ ಜೋಡಿಸಿದ್ದರು. ಆ ತುಣುಕು ಬದುಕಿದರೆ ಮಾತು ಮರಳೀತು ಎಂದಿದ್ದರು. ಕುತ್ತಿಗೆಗೆ ಏನೂ ಕಟ್ಟಬಾರದೆಂದು ಅವಳ ಗಂಡ ಮಲ್ಲೇಶನಿಗೆ ಹೇಳಿದ್ದರು. ಅವನು ಔಷಧಿ ಚೀಟಿ ಹಿಡಿದು ಓಡಾಡುವ ಗಡಿಬಿಡಿಯಲ್ಲಿ ಅತ್ತೆಗೆ ತಿಳಿಸಲು ಮರೆತ.

ಫಕೀರವ್ವನಿಗೆ ಕಂಡದ್ದು ತಾಳಿ ಬಿಚ್ಚಿಸಿದ ಮಗಳ ಬರಿಗೊರಳು.

"ಗಂಡ ಹೊರಗ ಕುಂತಾನ. ಹಿಂಗ ಬರೇ ಕೊಳ್ಳಾಗ ಮಲಗಬಾರದವ್ವ," ಎಂದು ನನ್ನನ್ನು ಕಟ್ಟಿದಳು. ಗಂಟಲಲ್ಲಿ ಉಸಿರಿನ ಕೊಳವೆಯಿದ್ದ ದೇವಕ್ಕ ಕಣ್ಣು ಮುಚ್ಚಿ ತೆರೆದಳು. ತಾಯಿ ಅದನ್ನು ಒಪ್ಪಿಗೆ ಎಂದುಕೊಂಡಳು. ಸಿಸ್ಟರು ಕಂಡರೆ ತಾಳಿಯಂತೆ ನನ್ನನ್ನೂ ಬಿಚ್ಚಿಸಿಯಾರೆಂದು ಹೊದಿಕೆ ಮೇಲೆಳೆದಳು.

ಆಗ ನಾನು ಸಡಿಲವಾಗಿಯೇ ಇದ್ದೆ. ಬೆಳಗಾಗುವಷ್ಟರಲ್ಲಿ ಕುತ್ತಿಗೆ ಬಾತಿತು. ಹಿಗ್ಗುವುದು ನನ್ನ ಜಾತಿಗೆ ಬಾರದು. ನನ್ನ ಕೆಳಗೆ ಹರಿಯುತ್ತಿದ್ದ ಎಳೆಯ ನಾಳ ಸುಮ್ಮನಾಯಿತು. ಟಾರ್ಚು ಹಾಕಿ ಬಾಯಿ ನೋಡಿದ ಸಿಸ್ಟರ್ ಹೊದಿಕೆ ಸರಿಸಿ, ಕತ್ತರಿ ತಂದು ನನ್ನನ್ನು ಕತ್ತರಿಸಿದಳು. ಹೊಸ ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ದೇವಕ್ಕನನ್ನು ಮತ್ತೆ ಥಿಯೇಟರಿಗೆ ಒಯ್ದರು. ತುಣುಕು ಉಳಿಯಲಿಲ್ಲ. ಎದೆಯ ಮಾಂಸ ತಿರುಗಿಸಿ ಬಾಯಿಗೆ ಹೊಲಿದರು. ಆ ಗಾಯವೂ ಕೂಡದೆ ಕುತ್ತಿಗೆಯಲ್ಲಿ ತೂತು ಬಿದ್ದು, ವಾರಗಟ್ಟಲೆ ಎಂಜಲು ಸೋರಿತು. ಗಂಜಿಯೆಲ್ಲ ಮೂಗಿನ ನಳಿಕೆಯಲ್ಲೇ.

"ದಾರ ಕಟ್ಟಿದ್ದು ಯಾರು?" ಡಾಕ್ಟರು ಒಂದು ದಿನ ಕೇಳಿದರು. ತಾಯಿ ಬಾಯಿ ತೆರೆಯುವ ಮೊದಲೇ ದೇವಕ್ಕ ದಿಂಬಿನ ಬಳಿಯ ಪುಸ್ತಕದಲ್ಲಿ ಬರೆದಳು: ನಾನೇ ಕಟ್ಟಿಕೊಂಡೆ. ಡಾಕ್ಟರು ಅವಳ ಬ್ಯಾಂಡೇಜಿನ ಎಡಗೈ ನೋಡಿದರು. ಗಂಟು ಹಾಕಲು ಎರಡು ಕೈ ಬೇಕು. ಓದು ಬಾರದ ತಾಯಿ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರು ಪುಸ್ತಕ ಮುಚ್ಚಿಟ್ಟು ಹೋದರು.

ಮುತ್ತೈದೆಯ ದಾರ ಕಸಕ್ಕೆ ಹೋಗಬಾರದೆಂದು ಫಕೀರವ್ವ ನನ್ನನ್ನು ಎತ್ತಿ ಎಲೆಸಂಚಿಯಲ್ಲಿ ಇಟ್ಟುಕೊಂಡಿದ್ದಳು, ಹೊಳೆಗೆ ಬಿಡಲು. ಪಕ್ಕದ ಮಂಚಕ್ಕೆ ಹೊಸ ರೋಗಿ ಬಂದ ದಿನ ಸಿಸ್ಟರ್ ಅವರ ಮನೆಯವರಿಗೆ ಹೇಳುತ್ತಿದ್ದಳು: "ದಾರ, ತಾಯಿತ ಏನೂ ಕಟ್ಟಬೇಡಿ. ಹೋದ ತಿಂಗಳು ಹಾಗೆ ಕಟ್ಟಿದ್ದಕ್ಕೇ ಒಬ್ಬರ ನಾಲಿಗೆ ಸತ್ತುಹೋಯಿತು." ಹಿಂದೆ ಗಂಜಿ ಸೋಸುತ್ತಿದ್ದ ಫಕೀರವ್ವನ ಕೈ ನಿಂತಿತು. ಆಮೇಲೆ ಸಂಚಿಯೊಳಗೆ ಬಂದ ಬೆರಳುಗಳು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ.

ಊರಿಗೆ ಬಂದೆವು. ದೇವಕ್ಕನ ಮಾತು ಈಗ ಯಾರಿಗೂ ತಿಳಿಯದು, ತಾಯಿಯೊಬ್ಬಳನ್ನು ಬಿಟ್ಟು. ಬಂದವರಿಗೆ ಫಕೀರವ್ವನೇ ಬಿಡಿಸಿ ಹೇಳಬೇಕು.

ನೆರೆಯ ಹನುಮವ್ವ ಬಂದಳು. "ಅಲ್ಲಬೇ, ಅಷ್ಟು ದೊಡ್ಡ ದವಾಖಾನಿಗೆ ಹೋಗಿ ಒಂದು ನಾಲಿಗಿ ನೆಟ್ಟಗ ಹಚ್ಚಿಸ್ಕೊಂಡು ಬರಾಕ ಆಗಲಿಲ್ಲೇನ?"

ದೇವಕ್ಕ ತೊದಲಿದಳು. ಸಂಚಿಯೊಳಗಿದ್ದ ನನಗೂ ಅರ್ಥವಾಯಿತು: ನಾನೇ ದಾರ ಕಟ್ಟಿಕೊಂಡಿದ್ದೆ, ಅದಕ್ಕೇ ಹೀಗಾಯಿತು.

"ಏನಂತಾಳ?"

ಫಕೀರವ್ವ ಬಿಡಿಸಿ ಹೇಳಿದಳು: "ನಮ್ಮವ್ವ ದಾರ ಕಟ್ಟಿದ್ಲು, ಅದಕ್ಕ ಕೆಟ್ಟಿತು ಅಂತಾಳ."

ದೇವಕ್ಕ ಅಲ್ಲವೆಂದು ತಲೆಯಾಡಿಸಿದಳು. ಏನೇನೋ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಹನುಮವ್ವ ತಾಯಿಯ ಮುಖ ನೋಡಿದಳು. ಫಕೀರವ್ವ ಬೇರೇನನ್ನೂ ಬಿಡಿಸಿ ಹೇಳಲಿಲ್ಲ.

ನನ್ನನ್ನು ಇನ್ನೂ ಹೊಳೆಗೆ ಬಿಟ್ಟಿಲ್ಲ. ಅರಿಶಿನ ಪೂರ್ತಿ ಹೋಗಿ ಬಿಳಿಚಿದ್ದೇನೆ. ನನಗೆ ಬಿಗಿಯುವುದಷ್ಟೇ ಗೊತ್ತಿತ್ತು. ಬಿಡಿಸುವುದು ಎಷ್ಟು ಕಷ್ಟವೆಂದು ಹನುಮವ್ವ ಬಂದ ದಿನ ಕಂಡೆ.