ಹೊಟ್ಟೆ ತುಂಬಿದ ಹಸಿವು

ದೊಡ್ಡಮ್ಮನ ತಾರಸಿಯಿಂದ ಬರುವ ಪಟಪಟ ಸದ್ದು ಕೇಳಿದ ಹೊಸಬರು, ಯಾರೋ ಪಾರಿವಾಳ ಸಾಕಿದ್ದಾರೆ ಎಂದುಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಗಾಳಿಗೆ ಬಡಿದುಕೊಳ್ಳುತ್ತಿರುವುದು ಪ್ಲಾಸ್ಟಿಕ್: ಅಂಗಡಿಯ ಚೀಲ, ಸಿಮೆಂಟು ಮೂಟೆಯ ಚೂರು, ಬಲೆಯ ತುಂಡು, ಎಲ್ಲವೂ ಸತ್ತ ತಿಮಿಂಗಿಲಗಳ ಹೊಟ್ಟೆಯಿಂದ ಬಂದದ್ದು, ಎರಡು ನೀರಿನಲ್ಲಿ ತೊಳೆದು ಕ್ಲಿಪ್ಪು ಹಾಕಿದ್ದು.

ನಮ್ಮ ಜೊತೆಗೇ ಇರುವ, ನನ್ನ ಅಮ್ಮನ ಈ ಅಕ್ಕ ಪಶುವೈದ್ಯೆ. ದಡಕ್ಕೆ ತಿಮಿಂಗಿಲದ ಹೆಣ ಬಂದು ಬಿದ್ದರೆ, ಕೊಯ್ದು ನೋಡಿ ಸಾವಿನ ಕಾರಣ ಹೇಳುವವರು ಅವರೇ. ನುಣುಪಾದ ನೆಲದ ಮೇಲೂ ಮರಳಿನಲ್ಲಿ ನಡೆದಂತೆ ಹಿಮ್ಮಡಿ ಊರಿ ನಡೆಯುತ್ತಾರೆ. ಮಂಡಿಯಿಂದ ಕೆಳಗಿಳಿಯುವ ಅವರ ರಬ್ಬರು ಕೋಟು, ಅಮ್ಮನ ಆಜ್ಞೆಯಂತೆ, ಹೊಸ್ತಿಲಿನ ಆಚೆಗೇ ತೂಗುತ್ತದೆ.

"ಆ ವಾಸನೆ ಹೊತ್ಕೊಂಡು ಬಸ್ ಹತ್ತೋಕೆ ನಾಚಿಕೆ ಆಗಲ್ವಾ ಅಕ್ಕ ನಿಂಗೆ?"

"ನಾಚಿಕೆ ಯಾಕೆ? ನಂಗೆ ಯಾವತ್ತೂ ಮೂರು ಜನದ ಸೀಟು ಸಿಗುತ್ತೆ."

ಕಳೆದ ವರ್ಷ ದಡಕ್ಕೆ ಬಂದ ಹೆಣ್ಣು ತಿಮಿಂಗಿಲದ ಮೂಳೆಗಳನ್ನು ಮಾಂಸ ಬಿಡಿಸಿ, ತಿಂಗಳುಗಟ್ಟಲೆ ನೆನೆಹಾಕಿ ಬೆಳ್ಳಗೆ ಮಾಡಿದ್ದು ದೊಡ್ಡಮ್ಮ. ಮ್ಯೂಸಿಯಂನವರು ಅದನ್ನು ತಮ್ಮ ಹೊಸ ಸಭಾಂಗಣದಲ್ಲಿ ತೂಗುಹಾಕಲು ಕೇಳಿದಾಗ ಅವರಿಟ್ಟ ಷರತ್ತು ಒಂದೇ: ಪಕ್ಕೆಲುಬುಗಳ ನಡುವೆ, ಹೊಟ್ಟೆಯಿದ್ದ ಜಾಗದಲ್ಲೇ, ಅದು ನುಂಗಿದ ಪ್ಲಾಸ್ಟಿಕ್ಕೂ ತೂಗಬೇಕು. ಮ್ಯೂಸಿಯಂ ಮುಖ್ಯಸ್ಥರು ಆಗ ಹೂಂಗುಟ್ಟಿದರು. ಮೂಳೆಗಳು ಒಂದೊಂದಾಗಿ ಮೇಲೇರುತ್ತಿದ್ದಂತೆ ಮಾತು ತಿರುಗಿಸಿದರು. ಬಾಲ ಹೋಯಿತು, ಬೆನ್ನೆಲುಬು ಹೋಯಿತು. ತಲೆಬುರುಡೆಯನ್ನು ಮಾತ್ರ ದೊಡ್ಡಮ್ಮ ತಮ್ಮ ಪಶು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿಟ್ಟು ಬೀಗ ಜಡಿದರು. ಉದ್ಘಾಟನೆ ಹತ್ತಿರವಾದಾಗ ಮುಖ್ಯಸ್ಥರೇ ಮನೆಗೆ ಬಂದರು.

"ಮೇಡಂ, ಜನ ಕಣ್ತುಂಬ ನೋಡೋಕೆ ಬರ್ತಾರೆ. ಮಧ್ಯೆ ಆ ಕಸ ಯಾಕೆ?"

"ನೀವು ಕಸ ಅಂತೀರಿ ಸಾರ್, ಅದಕ್ಕೆ ಅದು ಕೊನೇ ಊಟ. ಕತ್ತಲ ಆಳದಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ. ತಾನೇ ಸದ್ದು ಮಾಡಿ, ತಿರುಗಿ ಬಂದ ಸದ್ದು ಕೇಳಿ ಬೇಟೆ ಹುಡುಕುತ್ತೆ. ಚೀಲಾನೂ ಅದರ ಕಿವಿಗೆ ಬೇಟೆ ಥರಾನೇ ಕೇಳಿಸಿರುತ್ತೆ. ಕೊಯ್ದಾಗ ಹೊಟ್ಟೆ ಬಿಗಿದಿತ್ತು, ಮೈಯಲ್ಲಿ ಕೊಬ್ಬು ಕರಗಿಹೋಗಿತ್ತು. ಹೊಟ್ಟೆ ತುಂಬ್ಕೊಂಡೇ ಹಸಿದು ಸತ್ತಿದೆ."

"ಹೋಗ್ಲಿ, ಸ್ವಲ್ಪ ತೂಗುಹಾಕೋಣ."

"ಅದೇನು ಸ್ವಲ್ಪ ನುಂಗಿತ್ತಾ?"

ಒಳಗಿನಿಂದ ಅಮ್ಮ ಕೂಗಿದಳು: "ಒಪ್ಕೊಂಡುಬಿಡಿ ಸಾರ್! ಚಿಕ್ಕೋಳಿದ್ದಾಗ ನನ್ನ ಗೊಂಬೆ ತಲೇನೂ ಅಕ್ಕ ಹೀಗೇ ಬಚ್ಚಿಟ್ಟಿದ್ಲು. ನಾನೇ ಸೋತಿದ್ದು."

ಮುಖ್ಯಸ್ಥರೂ ಸೋತರು. ತಲೆ ಹೋಯಿತು, ಅದರ ಜೊತೆಗೇ ಪ್ಲಾಸ್ಟಿಕ್ಕೂ, ಒಂದು ಚೂರೂ ಉಳಿಯದಂತೆ.

ಸತ್ತ ಜೀವಿಗಳ ಪರವಾಗಿ ವಾದಿಸುವ ಇಂಥವರು ಜಗತ್ತಿನಲ್ಲಿ ಹೆಚ್ಚಿಲ್ಲ. ಮರುಗುತ್ತ ಕೂರಲು ಅವರಿಗೆ ಬಿಡುವಿರುವುದಿಲ್ಲ. ಬಾಯಿಲ್ಲದ ಪ್ರಾಣಿಯ ಸಾವಿನ ಮೇಲೆ ಸುಳ್ಳೊಂದು ನೆಲೆಯೂರಬಾರದು, ಅವರ ಹಠವೆಲ್ಲ ಅಷ್ಟಕ್ಕೇ. ಗೆದ್ದ ದಿನವೂ ಅವರಿಗೆ ಕೆಲಸದ ದಿನವೇ.

ಉದ್ಘಾಟನೆಯಂದು ಮೂಳೆಗಳ ಕೆಳಗೆ ಮುಖ್ಯಸ್ಥರು ದೊಡ್ಡಮ್ಮನಿಗೆ ಹಾರ ಹಾಕಿ ಕೈಕುಲುಕಿದರು. ದೊಡ್ಡಮ್ಮ ಅಪರೂಪಕ್ಕೆ ನಕ್ಕು, ಉಪಕಾರದ ಮಾತು ಶುರುಮಾಡಿದರು. ಅತ್ತ, ಪಕ್ಕೆಲುಬಿನ ಕೆಳಗೆ ನಿಂತ ತಾಯಿಯೊಬ್ಬಳು ಮಗಳಿಗೆ ಹೇಳುತ್ತಿದ್ದಳು: "ನೋಡಿದ್ಯಾ, ಎಂಥ ಆಸೆಬುರುಕಿ ಇದು! ಸಿಕ್ಕಿದ್ದೆಲ್ಲ ತಿಂದ್ರೆ ಹೀಗೇ ಆಗೋದು."

"ಸಾರ್, ನೀವು ಮಾಡಿದ ಈ ಉಪಕಾರಾನ ನಾನು ಸಾಯೋವರೆಗೂ..." ಎನ್ನುತ್ತಿದ್ದ ದೊಡ್ಡಮ್ಮ, ಹಿಡಿದಿದ್ದ ಕೈ ಬಿಟ್ಟು, ಆ ತಾಯಿಯ ಕಡೆಗೆ ನಡೆದೇಬಿಟ್ಟರು.