ಬ್ರೆಂಡಾಳ ರೋಸಿಗೆ ಎಣ್ಣೆಯ ಟ್ಯಾಂಕು

ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವನ್ನು ಮನೆಯಲ್ಲೇ ಮಾಡಬೇಕೆಂದು ಮಗಳು ಬ್ರೆಂಡಾಳ ಹಟ. ಕುವೈತಿನ ರಿಗ್ಗೈಯ ನಮ್ಮ ಬಾಡಿಗೆ ಮನೆಯಲ್ಲಿ ಅಷ್ಟು ಜನ ಹಿಡಿಸುವುದು ನೆಲಮಾಳಿಗೆಯಲ್ಲಿ ಮಾತ್ರ. ಅಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಹಳೆಯ ಟ್ಯಾಂಕೊಂದು ಮಲಗಿತ್ತು. ಹಿಂದೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅದಕ್ಕೆ ಡೀಸೆಲ್ ತುಂಬಿಸುತ್ತಿದ್ದರಂತೆ. ಈಗ ಬರೀ ವಾಸನೆ.

ಗುಜರಿಯ ಜಮಾನ್ ಭಾಯಿ ಬಂದು ಉಳಿದ ಎಣ್ಣೆ ತೆಗೆದು, ಒಳಗೆಲ್ಲ ತೊಳೆದ. ಹೊರಗೆ ಸಾಗಿಸಲು ನೋಡಿದರೆ ಟ್ಯಾಂಕು ಬಾಗಿಲಲ್ಲಿ ಹಿಡಿಸಲಿಲ್ಲ.

"ಕತ್ತರಿಸೋದು ಬೇಡ ದೀದಿ. ಒಳಗೆ ಗ್ಯಾಸ್ ಉಳಿದು ಕಿಡಿ ಬಿದ್ರೆ ಖಲಾಸ್! ಮರಳು ತುಂಬ್ಸಿ ಮುಚ್ಚಿಬಿಡಿ."

"ಕುವೈತಲ್ಲಿ ಮರಳಿಗೆ ಬರವಾ?" ಎಂದು ನನ್ನ ಗಂಡ ರೋಕ್ ನಕ್ಕರು.

ಮರಳು ತುಂಬಿದ್ದಾಯಿತು. ಬ್ರೆಂಡಾಳ ಮುಖ ಬಾಡಿತು. "ಮಮ್ಮಾ, ಇಟ್ಸ್ ಸ್ಟಿಲ್ ದೇರ್! ರೋಸ್ ಹೇಗೆ ಮಾಡೋದು?"

ಪಾತ್ರೆ ತೊಳೆಯುತ್ತಿದ್ದ ಕೈ ಒರೆಸಿಕೊಂಡು ಕೆಳಗಿಳಿದೆ. ಟ್ಯಾಂಕು ಮೊಣಕಾಲೆತ್ತರವಿತ್ತು, ಮೇಲೆ ಸಮತಟ್ಟು. ಚಾಪೆ ಹಾಸಿ ಮಗಳನ್ನು ಕೂರಿಸಿದೆ.

"ನೋಡು ಪುತಾ, ಹಾಲ್‌ನಲ್ಲೂ ಇಂಥ ಗಟ್ಟಿ ಸ್ಟೇಜ್ ಸಿಗ್ಲಿಕ್ಕಿಲ್ಲ."

ಅವಳು ಕಾಲಾಡಿಸಿ ನಕ್ಕಳು. "ಓಕೆ. ಬಟ್ ಇದು ಟ್ಯಾಂಕ್ ಅಂತ ಯಾರಿಗೂ ಹೇಳ್ಬಾರ್ದು."

ಅಷ್ಟರಲ್ಲಿ ರೋಕ್ ಮನೆಯವರ ವಾಟ್ಸಾಪ್ ಗ್ರೂಪಿಗೆಲ್ಲ ಟ್ಯಾಂಕಿನ ಫೋಟೊ ಕಳಿಸಿಯಾಗಿತ್ತು.