ಇಪ್ಪತ್ತಾರನೇ ಕಿಲೋಮೀಟರು

ಆ ಶೂ ಕಂಪನಿಯಲ್ಲಿ ಅವಳನ್ನು ಎದುರಿಗೆ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಮುಳ್ಳಕ್ಕ. ಹೊಸ ಶೂ ಯಾವುದೇ ಬರಲಿ, ಮೊದಲು ಅವಳ ಕಾಲಿಗೆ. ಅವಳು ಅದನ್ನು ಹಾಕಿಕೊಂಡು ಗುಡ್ಡ ಹತ್ತಿ, ಇಳಿದು, ಮುನ್ನೂರು ಕಿಲೋಮೀಟರು ಸವೆಸಿ, ಹಾಳೆಯಲ್ಲಿ ನಾಲ್ಕು ಸಾಲು ಗೀಚಿದರೆ ಶೂ ಒಂದೋ ಅಂಗಡಿಗೆ, ಇಲ್ಲವೇ ಗುಜರಿಗೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಎರಡೂ ಹೆಬ್ಬೆರಳ ಉಗುರು ಕಳಚಿ ಬಿದ್ದು ಮತ್ತೆ ಬಂದಿದ್ದವು. ನಾಲಿಗೆ ಮಾತ್ರ ಒಂದು ದಿನವೂ ಮೊಂಡಾಗಿರಲಿಲ್ಲ.

ಈ ಸಲ ಕಾಲಿಗೆ ಬಂದದ್ದು ತಂಗಿಯ ಗಂಡ ಮಾಡಿದ ಶೂ. ಅಲ್ಲಿಗೆ ಅರ್ಧ ಜಗಳ ಶುರುವಾಯಿತು ಅನ್ನಿ. ಅವನು ಅದೇ ಕಂಪನಿಯ ಡಿಸೈನರ್. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಎರಡು ವರ್ಷದ ಹಿಂದೆ ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ನಾಲ್ಕು ಜನ ನೆಂಟರ ಎದುರು, ಮಹಾಶಯ ಬಾಯಿ ಬಿಟ್ಟಿದ್ದ: ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅಂತಾರಲ್ಲ, ನಮ್ಮ ಅಕ್ಕಂಗೆ ಅದಕ್ಕೇ ಸಂಬಳ ಕೊಡ್ತಾರೆ!’ ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಮುಳ್ಳಕ್ಕ ಕೈ ತೊಳೆದು ಎದ್ದು ಬಂದಳು.

ಮರುವಾರವೇ ಅವನ ಮೊದಲ ಶೂ ಅವಳ ಕಾಲಿಗೆ ಬಂತು. ಒಳ್ಳೆಯ ಶೂ. ಅವಳು ಬರೆದದ್ದು ಎರಡೇ ಪದ: ‘ಹಿಮ್ಮಡಿ ಕಚ್ಚುತ್ತದೆ.’ ನಿಜ ಹೇಳಬೇಕೆಂದರೆ ಕಚ್ಚಿರಲೇ ಇಲ್ಲ. ಬೇಕೆಂದೇ ತೂತು ಕಾಲುಚೀಲ ಹಾಕಿ ಓಡಿ, ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದು ಮ್ಯಾನೇಜರಿಗೆ ತೋರಿಸಿದ್ದಳು. ಶೂ ಗುಜರಿಗೆ ಹೋಯಿತು, ಡಿಸೈನರ್ ಮಕ್ಕಳ ಚಪ್ಪಲಿ ವಿಭಾಗಕ್ಕೆ. ಎರಡು ವರ್ಷ ಚಪ್ಪಲಿ ಪಟ್ಟಿಯ ಮೇಲೆ ಬಾತುಕೋಳಿ ಅಂಟಿಸುತ್ತಾ ಕೂತಿದ್ದ. ಅವನಿಗೆ ಅನುಮಾನವಿತ್ತು. ಪುರಾವೆ ಇರಲಿಲ್ಲ.

ಈಗ ಮತ್ತೆ ಬಂದಿದ್ದ. ಕಾಡುದಾರಿಯಲ್ಲಿ ದೂರ ಓಡುವವರಿಗೆ, ಚಾರಣಕ್ಕೆ ಹೋಗುವವರಿಗೆ ಅಂತ ಮಾಡಿದ ಶೂ. ಅಡಿಯಲ್ಲಿ ಮೂರು ಬೆರಳು ದಪ್ಪ ಮೆತ್ತನೆಯ ಫೋಮು.

‘ಇದೇನು ಶೂನೋ ಹಾಸಿಗೇನೋ?’ ಎಂದು ಮೂಗು ಮುರಿದೇ ಅವಳು ಲೇಸು ಕಟ್ಟಿದ್ದು. ಆದರೆ ಹಾಳಾದ್ದು, ಶೂ ಚೆನ್ನಾಗಿತ್ತು! ಕಲ್ಲು ಚುಚ್ಚಲಿಲ್ಲ, ಮಂಡಿ ನೋಯಲಿಲ್ಲ, ಬೆರಳಿಗೆ ಬೇಕಾದಷ್ಟು ಜಾಗ, ಒದ್ದೆ ಬಂಡೆಯ ಮೇಲೂ ಹಿಡಿತ ಬಿಡಲಿಲ್ಲ. ತಪ್ಪು ಹುಡುಕಲೆಂದೇ ಹೊರಟವಳಿಗೆ ತಪ್ಪು ಸಿಗದಿದ್ದರೆ ಆಗುವ ಸಂಕಟ ಯಾರಿಗೆ ಹೇಳುವುದು? ಇಪ್ಪತ್ತು ಕಿಲೋಮೀಟರು ಮನಸ್ಸಿನಲ್ಲೇ ಅವನನ್ನು ಬೈಯುತ್ತಾ ಓಡಿದಳು.

ಇಪ್ಪತ್ತಾರನೇ ಕಿಲೋಮೀಟರಿನಲ್ಲಿ ದಾರಿ ಗುಡ್ಡದ ಪಕ್ಕೆ ಹಿಡಿದು ಓರೆಯಾಗಿ ಇಳಿಯುತ್ತದೆ. ಅಲ್ಲಿ ಬಲಗಾಲಿನ ಹೊರ ಅಂಚಿನ ಫೋಮು ಅಮುಕಿಕೊಂಡದ್ದು ಮತ್ತೆ ಏಳಲಿಲ್ಲ. ಶೂ ಕಣಿವೆಯ ಕಡೆ ವಾಲಿತು, ಪಾದ ಹೊರಳಿತು. ಕೈಗೆ ಒಂದು ಗಿಡ ಸಿಕ್ಕಿದ್ದರಿಂದ ಬದುಕಿದಳು. ಆದರೂ, ಪಾಪಿ, ಮನಸ್ಸಿನ ಒಂದು ಮೂಲೆಯಲ್ಲಿ ಖುಷಿಯಾಯಿತು. ಸಿಕ್ಕಿಬಿದ್ದೆಯಾ ಮಗನೇ, ಅಂದುಕೊಂಡಳು.

ಅನುಮಾನ ಬೇಡವೆಂದು ಇನ್ನೆರಡು ಸಲ ಬೇರೆ ಬೇರೆ ದಿನ ಅದೇ ದಾರಿಗೆ ಹೋದಳು. ಎರಡು ಸಲವೂ ಅದೇ ಕಥೆ. ಇಪ್ಪತ್ತೈದರವರೆಗೆ ಬೆಣ್ಣೆ, ಆಮೇಲೆ ಯಮ.

ಆದರೆ ಅಳತೆಯಲ್ಲಿ ತೋರಿಸುವುದು ಹೇಗೆ? ಓಡಿ ಬಂದ ಶೂವನ್ನು ಒಂದು ರಾತ್ರಿ ಕಪಾಟಿನಲ್ಲಿ ಆರಲು ಬಿಟ್ಟು, ಮರುದಿನ ಬೆಳಿಗ್ಗೆಯೇ ಅಳೆಯಬೇಕು ಎನ್ನುವುದು ಪರೀಕ್ಷಾ ಕೊಠಡಿಯ ಪದ್ಧತಿ. ಬೆವರಿನ ಒದ್ದೆಗೆ ಅಳತೆ ತಪ್ಪುತ್ತದೆ ಅಂತ ಯಾವನೋ ಪುಣ್ಯಾತ್ಮ ಹಿಂದೆ ಮಾಡಿಟ್ಟದ್ದು. ಈ ಫೋಮೋ, ಗುಡ್ಡದಿಂದ ಬರುವ ಬಸ್ಸಿನಲ್ಲೇ ಅರ್ಧ ಉಬ್ಬಿರುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೊಸ ಶೂವಿನ ಹಾಗೆ ನೆಟ್ಟಗೆ. ಅಳೆಯುವ ಯಂತ್ರ ಅದನ್ನು ಮೇಲಿನಿಂದ ನೇರವಾಗಿ ಒತ್ತುತ್ತಿತ್ತೇ ಹೊರತು ಓರೆಯಾಗಿ ಅಲ್ಲ. ಉಳಿದ ಇಬ್ಬರು ಪರೀಕ್ಷಕರು ಹತ್ತು ಕಿಲೋಮೀಟರು ಓಡಿ ಮನೆಗೆ ಹೋಗುವ ಪೈಕಿ.

ಅವಳು ಬರೆದಳು: ‘ಇಪ್ಪತ್ತೈದು ದಾಟಿದರೆ, ಓರೆ ಇಳಿಜಾರಿನಲ್ಲಿ ಹೊರಕ್ಕೆ ವಾಲುತ್ತದೆ. ಕಾಲು ಮುರಿಯುತ್ತದೆ. ನಿಲ್ಲಿಸಿ.’ ಯಾರೂ ನಿಲ್ಲಿಸಲಿಲ್ಲ. ಮುಳ್ಳಕ್ಕ ತಂಗಿ ಗಂಡನ ಶೂವನ್ನು ಹೊಗಳುತ್ತಾಳೆಯೇ ಎಂದು ಕ್ಯಾಂಟೀನಿನಲ್ಲಿ ನಕ್ಕರು.

ಅಷ್ಟೇ ಆಗಿದ್ದರೆ, ಮಾಡಿದ್ದುಣ್ಣಲಿ ಅಂತ ಅವಳೂ ಕೈ ತೊಳೆದುಕೊಳ್ಳುತ್ತಿದ್ದಳೇನೋ. ಆದರೆ ಶನಿವಾರ ಕಂಪನಿಯ ಐವತ್ತು ಕಿಲೋಮೀಟರ್ ಗುಡ್ಡದ ಓಟ. ಅಂದು ಈ ಶೂ ಹಾಕಿ ಓಡುವವಳು ತಂಗಿ. ಗಂಡನ ಶೂ, ಹೆಂಡತಿಯ ಕಾಲು, ಪೋಸ್ಟರಿಗೆ ಚೆಂದ ಅಂತ ಮ್ಯಾನೇಜರ್ ಐಡಿಯಾ. ಓಟದ ದಾರಿಯಲ್ಲಿ ಮೂವತ್ತನೇ ಕಿಲೋಮೀಟರಿನಿಂದ ಮುಂದೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೂವತ್ತಾಳು ಆಳ. ಅಲ್ಲಿ ಹಿಡಿಯಲು ಗಿಡವೂ ಇಲ್ಲ.

ತಂಗಿಗೆ ಫೋನ್ ಮಾಡಿದಳು.

‘ಆ ಶೂ ಹಾಕ್ಬೇಡ ಕಣೇ. ನಿನ್ನ ಹಳೇದ್ರಲ್ಲೇ ಓಡು.’

‘ಶುರು ಆಯ್ತಾ ನಿಂದು? ಅವರು ಉದ್ಧಾರ ಆದ್ರೆ ನಿಂಗ್ಯಾಕೆ ಹೊಟ್ಟೆ ಉರಿ?’

‘ಹೊಟ್ಟೆ ಉರಿ ಅಲ್ವೇ, ಬೀಳ್ತೀಯ!’

‘ಬಿದ್ರೆ ಬೀಳ್ತೀನಿ. ನನ್ನ ಗಂಡ ಮಾಡಿದ ಶೂ, ನನ್ನ ಕಾಲು. ಇಡು ಫೋನು.’

ಶುಕ್ರವಾರ ಮಧ್ಯಾಹ್ನ ಅವಳು ಪರೀಕ್ಷಾ ಕೊಠಡಿಗೆ ನುಗ್ಗಿದಾಗ ಮೂವರೂ ಅಲ್ಲೇ ಇದ್ದರು. ತಂಗಿ ಸ್ಟೂಲಿನ ಮೇಲೆ ಕೂತು ಹೊಸ ಜೋಡಿಯ ಲೇಸು ಬಿಗಿಯುತ್ತಿದ್ದಳು. ಡಿಸೈನರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮ್ಯಾನೇಜರ್ ಫೋಟೋದವರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ.

‘ಬಿಚ್ಚೇ ಅದನ್ನ,’ ಎಂದಳು ಮುಳ್ಳಕ್ಕ.

‘ಮ್ಯಾನೇಜರ್ರೇ, ಇವರನ್ನ ಹೊರಗೆ ಕಳಿಸ್ತೀರಾ, ನಾನೇ ಕಳಿಸ್ಲಾ?’ ಎಂದ ಡಿಸೈನರ್.

ಅವಳು ಫೋನು ತೆಗೆದು ಗುಡ್ಡದ ಮೇಲೆ ಹೊಡೆದ ಫೋಟೋ ಅವನ ಮೂಗಿಗೆ ಹಿಡಿದಳು. ಶೂ ಕಣಿವೆಯ ಕಡೆ ವಾಲಿತ್ತು. ಅವನು ಕಣ್ಣು ಹಾಯಿಸಿ ತುಟಿ ಕೊಂಕಿಸಿದ. ‘ಕಾಲು ಓರೆ ಇಟ್ರೆ ಯಾವ ಶೂ ಬೇಕಾದ್ರೂ ವಾಲತ್ತೆ. ಬೊಬ್ಬೆ ತೋರಿಸಿದ್ದು ಸಾಲ್ದು ಅಂತ ಈಗ ಫೋಟೋನಾ?’

‘ಹಾಗಿದ್ರೆ ಬನ್ನಿ ಗುಡ್ಡಕ್ಕೆ. ಅಳೆಯೋ ಕಡ್ಡಿ ನೀವೇ ತನ್ನಿ.’

‘ನಾಳೆ ಓಟ ಇಟ್ಕೊಂಡು ನಿಮ್ಮ ಹಿಂದೆ ಗುಡ್ಡ ಸುತ್ತಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ಒಂದು ಕೆಲಸ ಮಾಡಿ.’ ಅವನು ಒಂದು ಹೆಜ್ಜೆ ಮುಂದೆ ಬಂದ. ದನಿ ತಗ್ಗಿಸಿದ. ‘ನನ್ನ ಮೊದಲನೇ ಶೂ ಹಿಮ್ಮಡಿ ಕಚ್ಚಿತ್ತಾ? ಎಲ್ಲರ ಎದುರು ಹೇಳಿ. ಅದು ಹೇಳಿದ್ಮೇಲೆ ಇದನ್ನ ಕೇಳ್ತೀನಿ.’

ಮ್ಯಾನೇಜರ್ ಫೋನು ಕಿವಿಯಿಂದ ತೆಗೆದ. ಕಚ್ಚಿತ್ತು ಎಂದರೆ ಅವನು ನಕ್ಕು ಬೆನ್ನು ತಿರುಗಿಸುತ್ತಾನೆ. ಇಲ್ಲ ಎಂದರೆ ಹದಿನೆಂಟು ವರ್ಷದ ಅನ್ನ ಹೋಯಿತು. ಸುಳ್ಳು ರಿಪೋರ್ಟ್ ಬರೆದವಳಿಗೆ ಈ ಕಂಪನಿ ಇರಲಿ, ಬೇರೆ ಯಾವ ಕಂಪನಿಯೂ ಒಂದು ಜೊತೆ ಚಪ್ಪಲಿ ಕೊಡುವುದಿಲ್ಲ. ಇಷ್ಟಕ್ಕೂ ಈ ಅಹಂಕಾರದ ಮೂಟೆಯ ಎದುರು ತಲೆ ತಗ್ಗಿಸುವುದಕ್ಕಿಂತ ಕಣಿವೆಗೆ ಹಾರುವುದು ವಾಸಿ ಅನ್ನಿಸಿತು.

ತಂಗಿ ಲೇಸಿಗೆ ಎರಡನೇ ಗಂಟು ಹಾಕಿದಳು.

‘ಕಚ್ಚಿರಲಿಲ್ಲ,’ ಎಂದಳು ಮುಳ್ಳಕ್ಕ. ‘ತೂತು ಕಾಲುಚೀಲ ಹಾಕಿ ಓಡಿದ್ದೆ. ಸುಳ್ಳು ಬರೆದೆ. ನೀವು ಊಟಕ್ಕೆ ಕೂತಾಗ ಆಡಿದ ಮಾತಿಗೆ ಬರೆದೆ. ಶೂ ಚೆನ್ನಾಗಿತ್ತು.’

ಡಿಸೈನರನ ಮುಖ ಕೆಂಪಗಾಯಿತು, ಆಮೇಲೆ ಬಿಳಿಚಿತು. ಕೈ ಎತ್ತುತ್ತಾನೇನೋ ಅಂದುಕೊಂಡಳು. ಅವನು ಎತ್ತಲಿಲ್ಲ.

‘ಎರಡು ವರ್ಷ,’ ಎಂದ. ‘ಎರಡು ವರ್ಷ ಬಾತುಕೋಳಿ ಅಂಟಿಸಿದೀನಿ ನಾನು.’ ಅವಳನ್ನೇ ದಿಟ್ಟಿಸಿದ. ‘ನಿಮ್ಮಷ್ಟು ಕೆಟ್ಟ ಹೆಂಗಸನ್ನ ನಾನು ನೋಡಿಲ್ಲ. ಆದ್ರೆ ಸುಮ್ಸುಮ್ನೆ ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಳ್ಳೋ ಪೈಕಿ ಅಲ್ಲ ನೀವು. ಹಾಗಾದ್ರೆ ಈ ಶೂ ವಾಲೋದು ನಿಜ.’

ಅವನು ಹೆಂಡತಿಯ ಮುಂದೆ ಮಂಡಿಯೂರಿ ಎರಡೂ ಶೂಗಳ ಗಂಟು ಬಿಚ್ಚಿ ಕಾಲಿನಿಂದ ಎಳೆದ. ‘ಓಟ ನಿಲ್ಲಿಸಿ,’ ಎಂದ ಮ್ಯಾನೇಜರಿಗೆ. ‘ಶೂನೂ ನಿಲ್ಲಿಸಿ.’ ಅವನಿಗೆ ಅಳು ಬರುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಶೂ ಎತ್ತಿಕೊಂಡು ಬಾಗಿಲು ದಡಾರೆಂದು ಹಾಕಿ ಹೋದ. ಮ್ಯಾನೇಜರ್ ಮುಳ್ಳಕ್ಕನ ಕಡೆ ಕೈ ಚಾಚಿದ. ಅವಳು ಕೊರಳಿನ ಗುರುತಿನ ಚೀಟಿ ಬಿಚ್ಚಿ ಆ ಕೈಯಲ್ಲಿಟ್ಟಳು. ಅವನೂ ಹೋದ.

ಉಳಿದವರು ಅಕ್ಕ ತಂಗಿ ಇಬ್ಬರೇ. ತಂಗಿ ಬರಿಗಾಲಲ್ಲಿ ಸ್ಟೂಲಿನ ಮೇಲೆ ಕೂತೇ ಇದ್ದಳು. ಹೋಗಲಿ, ಇವಳ ಕಾಲು ಉಳಿಯಿತಲ್ಲ, ಅಷ್ಟು ಸಾಕು ಎಂದುಕೊಂಡು ಮುಳ್ಳಕ್ಕ ಹತ್ತಿರ ಹೋಗಿ ಭುಜ ಮುಟ್ಟಿದಳು. ತಂಗಿ ಆ ಕೈಯನ್ನು ಹುಳ ಕೊಡವಿದ ಹಾಗೆ ಕೊಡವಿದಳು.

‘ಅವರು ಎರಡು ವರ್ಷ ಮಾತು ಬಿಟ್ಟು ಗೋಡೆ ನೋಡ್ಕೊಂಡು ಕೂತಿದ್ರು. ನಾನು ವಾರಕ್ಕೊಂದ್ಸಲ ನಿನ್ನ ಮನೆಗೆ ಬಂದು ನಿನ್ನ ಮಡಿಲಲ್ಲಿ ತಲೆ ಇಟ್ಟು ಅಳ್ತಿದ್ದೆ. ನೀನು ತಲೆ ಸವರ್ತಿದ್ದೆ. ಅವನಿಗೆ ಕೆಲಸ ಬರಲ್ಲ ಕಣೇ, ಸಹಿಸ್ಕೋ ಅಂತಿದ್ದೆ.’

‘ತಪ್ಪಾಯ್ತು ಕಣೇ.’

‘ಸುಮ್ನಿರು,’ ಎಂದಳು ತಂಗಿ. ತನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ‘ಯಾಕಕ್ಕ ತಡೆದೆ? ಕಾಲು ಮುರಿದಿದ್ರೆ ಆರು ತಿಂಗಳಲ್ಲಿ ಕೂಡ್ಕೊಳ್ತಿತ್ತು.’